ಜನವರಿ 26: ಹಂಚಿಹೋಗಿದ್ದ ಕನ್ನಡ ನಾಡು ಗಣರಾಜ್ಯಕ್ಕೆ ಬಂದ ಬಗೆ

(ಗಣರಾಜ್ಯೋತ್ಸವದ ದಿನ ನಮ್ಮ ತಾಲ್ಲೂಕಿನ ಲೈಬ್ರರಿ ಹಾಲ್‌ನಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಹಾಗಾಗಿ ಮಾತಿನ ಧಾಟಿಯಲ್ಲೇ ಇದೆ. ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಬೆಳಗ್ಗೆ ಬಾವುಟ ಹಾರಿಸಿದ್ದಾಯ್ತು, ಮಕ್ಕಳ ಕವಾಯತು ಆಯ್ತು, ಸಿಹಿ ಹಂಚಿದ್ದಾಯ್ತು, ಅಷ್ಟಾದ್ಮೇಲೂ ಇಷ್ಟು ಜನ ಇಲ್ಲಿ ಬಂದು ಕೂತಿದೀರಲ್ಲ, ನಂಗೆ ನಿಜವಾಗ್ಲೂ ಖುಷಿಯಾಗ್ತಿದೆ. ನಾನಿವತ್ತು ಹೇಳ್ಬೇಕು ಅಂತಿರೋದು ಒಂದೇ ವಿಷಯ. ಜನವರಿ 26 ಅಂದ ತಕ್ಷಣ ನಮ್ಮ ಕಣ್ಣು ದೆಹಲಿ ಕಡೆ ಹೋಗತ್ತೆ, ಟಿವಿಯಲ್ಲಿ ಪರೇಡು, ವಿಮಾನಗಳು, ಈ ಸಲ ಕರ್ನಾಟಕದ ಟ್ಯಾಬ್ಲೋ ಇದ್ಯಾ ಇಲ್ವಾ ಅನ್ನೋ ಚರ್ಚೆ. ಅದೆಲ್ಲ ಇರ್ಲಿ, ನಾನೂ ನೋಡ್ತೀನಿ. ಆದ್ರೆ ಸಂವಿಧಾನ ಅನ್ನೋದು ಯಾರೋ ದೊಡ್ಡೋರು ದೆಹಲಿಯಲ್ಲಿ ಕೂತು ಬರೆದು ಮೇಲಿಂದ ನಮಗೆ ದಯಪಾಲಿಸಿದ್ದು ಅನ್ನೋ ಭಾವನೆ ನಮ್ಮ ಜನರಲ್ಲಿ ಎಲ್ಲೋ ಕೂತ್ಬಿಟ್ಟಿದೆ, ಅದು ಹೋಗ್ಬೇಕು ಅಂತ ನನ್ನಾಸೆ. ಈ ನೆಲದ ಜನ ಅದರೊಳಗೆ ಕೂತು ವಾದ ಮಾಡಿದಾರೆ, ಜಗಳ ಆಡಿದಾರೆ, ಆಮೇಲೆ ಕೋರ್ಟಿಗೆ ಹೋಗಿ ಅದನ್ನ ಗಟ್ಟಿ ಮಾಡಿದಾರೆ. ಆ ಹೆಸರುಗಳನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಆ ದಿನ ಏನಾಯ್ತು ಅಂತ ಚುಟುಕಾಗಿ ಹೇಳ್ಬಿಡ್ತೀನಿ. 1950ರ ಜನವರಿ 26, ಗುರುವಾರ, ಬೆಳಗ್ಗೆ 10 ಗಂಟೆ 18 ನಿಮಿಷಕ್ಕೆ ದೆಹಲಿಯ ದರ್ಬಾರ್ ಹಾಲ್‌ನಲ್ಲಿ ರಾಜಗೋಪಾಲಾಚಾರಿಯವರು ಭಾರತ ಗಣರಾಜ್ಯ ಆಯ್ತು ಅಂತ ಘೋಷಣೆ ಓದಿದ್ರು, ಅದಾಗಿ ಕೆಲವೇ ನಿಮಿಷದಲ್ಲಿ ಬಾಬು ರಾಜೇಂದ್ರ ಪ್ರಸಾದರು ಮೊದಲ ರಾಷ್ಟ್ರಪತಿಯಾಗಿ ಪ್ರಮಾಣ ವಚನ ತಗೊಂಡ್ರು, ಸಾಯಂಕಾಲ ಇರ್ವಿನ್ ಸ್ಟೇಡಿಯಂನಲ್ಲಿ ಪರೇಡ್ ಆಯ್ತು, ಇಂಡೋನೇಷ್ಯಾದ ಸುಕಾರ್ನೋ ಅತಿಥಿಯಾಗಿದ್ರು. ಈ ತಾರೀಖು ಯಾಕೆ ಅಂದ್ರೆ 1930ರ ಜನವರಿ 26ನ್ನ ಪೂರ್ಣ ಸ್ವರಾಜ್ಯದ ದಿನ ಅಂತ ದೇಶಾದ್ಯಂತ ಆಚರಿಸಿದ್ರು. ಅಲ್ಲಿಂದ 1947ರವರೆಗೂ ಪ್ರತಿ ವರ್ಷ ಅದೇ ನಮ್ಮ ಸ್ವಾತಂತ್ರ್ಯ ದಿನ, ಬಾವುಟ ಹಿಡ್ಕೊಂಡು ಹೋದೋರಿಗೆ ಲಾಠಿ ಏಟು ಬೀಳ್ತಿದ್ದ ದಿನ. ಸ್ವಾತಂತ್ರ್ಯ ಬಂದಿದ್ದು ಆಗಸ್ಟ್ 15ಕ್ಕೆ ಆಗೋಯ್ತಲ್ಲ, ಹಾಗಾಗಿ ಈ ತಾರೀಖಿನ ನೆನಪು ಅಳಿಸಿ ಹೋಗ್ಬಾರದು ಅಂತ ಸಂವಿಧಾನಕ್ಕೆ ಅದನ್ನ ಕೊಟ್ರು.

ಸಂವಿಧಾನ ಸಭೆ ಅದನ್ನ ಒಪ್ಪಿಕೊಂಡಿದ್ದು 1949ರ ನವೆಂಬರ್ 26ಕ್ಕೆ. ಮಧ್ಯದಲ್ಲಿ ಎರಡು ತಿಂಗಳು ಗ್ಯಾಪ್. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. ಪುಸ್ತಕದ ಕೊನೆಗೆ ಹೋಗಿ 394ನೇ ವಿಧಿ ಓದಿ, ಅದರಲ್ಲಿ ಕೆಲವು ವಿಧಿಗಳು ಈಗಿಂದೀಗಲೇ ಜಾರಿ, ಉಳಿದಿದ್ದು ಜನವರಿ 26ರಿಂದ ಅಂತ ಇದೆ. ಈಗಿಂದೀಗಲೇ ಯಾವುದು ಅಂದ್ರೆ, ಪೌರತ್ವ ಹೇಳೋ 5ರಿಂದ 9ರ ತನಕದ ವಿಧಿಗಳು, ಚುನಾವಣಾ ಆಯೋಗದ 324, ಇನ್ನೊಂದಷ್ಟು. ಅಂದ್ರೆ ರಾಷ್ಟ್ರಪತಿ ಇನ್ನೂ ಬಂದಿಲ್ಲ, ಗಣರಾಜ್ಯ ಇನ್ನೂ ಘೋಷಣೆ ಆಗಿಲ್ಲ, ಅಷ್ಟರಲ್ಲೇ ನಾವು ನಾಗರಿಕರಾಗಿದ್ವಿ, ನಮ್ಮ ವೋಟಿನ ವ್ಯವಸ್ಥೆ ಶುರುವಾಗಿತ್ತು. ಮೊದಲು ಜನ, ಆಮೇಲೆ ರಾಷ್ಟ್ರಪತಿ. ಈ ಕ್ರಮ ನಂಗೆ ತುಂಬಾ ಇಷ್ಟ. ಅದರ ಮುಂದಿನದ್ದು 395, ಕಟ್ಟಕಡೆಯ ವಿಧಿ, ಅದು ಬ್ರಿಟಿಷ್ ಪಾರ್ಲಿಮೆಂಟ್ ಮಾಡಿದ್ದ 1935ರ ಕಾಯ್ದೆನೂ 1947ರ ಸ್ವಾತಂತ್ರ್ಯ ಕಾಯ್ದೆನೂ ರದ್ದು ಮಾಡತ್ತೆ. ನಮಗೆ ಸ್ವಾತಂತ್ರ್ಯ ಕೊಟ್ಟ ಕಾಯ್ದೆನೇ ರದ್ದು! ನಮ್ಮ ಅಧಿಕಾರ ಲಂಡನ್ನಿನ ಕಾಗದದಿಂದ ಬಂದಿಲ್ಲ, ನಮ್ಮಿಂದಲೇ ಬಂದಿದೆ ಅಂತ ಹೇಳೋಕೆ ಇದಕ್ಕಿಂತ ಗಟ್ಟಿಯಾದ ರೀತಿ ಇರ್ಲಿಲ್ಲ.

ಈಗ ನಮ್ಮ ಕಡೆ ಬರೋಣ. ಆವತ್ತು, 1950ರ ಜನವರಿ 26ಕ್ಕೆ, ಕರ್ನಾಟಕ ಅನ್ನೋ ರಾಜ್ಯ ಎಲ್ಲಿತ್ತು? ಇರ್ಲಿಲ್ಲ. ಸಂವಿಧಾನದ ಮೊದಲನೇ ಅನುಸೂಚಿ ತೆಗೆದು ನೋಡಿದ್ರೆ ಆಗ ರಾಜ್ಯಗಳನ್ನ ಎ, ಬಿ, ಸಿ ಅಂತ ದರ್ಜೆ ಮಾಡಿದ್ರು, ಬ್ರಿಟಿಷರ ಹಳೇ ಪ್ರಾಂತ್ಯಗಳು ಎ, ದೊಡ್ಡ ಸಂಸ್ಥಾನಗಳು ಬಿ, ಚೀಫ್ ಕಮಿಷನರ್ ಆಳೋ ಸಣ್ಣವು ಸಿ, ಅಂಡಮಾನ್ ಒಂದು ಡಿ. ಕನ್ನಡ ಮಾತಾಡೋ ಜನ ಮೊದಲ ಮೂರರಲ್ಲೂ ಇದ್ರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರು ಬಾಂಬೆ ರಾಜ್ಯದೋರು, ಅದು ಎ. ಮಂಗಳೂರು, ಬಳ್ಳಾರಿ ಕಡೆಯೋರು ಮದ್ರಾಸ್ ರಾಜ್ಯದೋರು, ಅದೂ ಎ. ಮೈಸೂರು ಬಿ. ಕಲಬುರಗಿ, ಬೀದರ್, ರಾಯಚೂರಿನೋರು ಹೈದರಾಬಾದ್‌ನೋರು, ಅದೂ ಬಿ. ಕೊಡಗು ಸಿ. ಇವುಗಳ ನಡುವೆ ಸವಣೂರು, ಮುಧೋಳ, ಜಮಖಂಡಿ, ರಾಮದುರ್ಗ, ಸಂಡೂರು ಅಂತ ಚಿಕ್ಕಪುಟ್ಟ ಸಂಸ್ಥಾನಗಳಿದ್ವು, ಅವು ಒಂದೆರಡು ವರ್ಷದ ಹಿಂದಷ್ಟೇ ಬಾಂಬೆಗೋ ಮದ್ರಾಸಿಗೋ ಸೇರಿದ್ವು. ಹಾಗಾಗಿ ಆವತ್ತು ಬೆಳಗ್ಗೆ ಹುಬ್ಬಳ್ಳಿಯಲ್ಲಿ ಬಾವುಟ ಹಾರಿಸಿದೋರು, ಮೈಸೂರಲ್ಲಿ ಹಾರಿಸಿದೋರು, ಉಡುಪಿಯಲ್ಲಿ ಹಾರಿಸಿದೋರು, ಮಡಿಕೇರಿಯಲ್ಲಿ ಹಾರಿಸಿದೋರು, ಕಲಬುರಗಿಯಲ್ಲಿ ಹಾರಿಸಿದೋರು, ಐದೂ ಜನ ಬೇರೆ ಬೇರೆ ರಾಜ್ಯದೋರು, ಬೇರೆ ಬೇರೆ ರಾಜಧಾನಿ, ಆಫೀಸಿನ ಭಾಷೆನೂ ಬೇರೆ ಬೇರೆ.

ಐದೂ ಕಡೆಯ ಅನುಭವ ಒಂದೇ ಥರ ಇರ್ಲಿಲ್ಲ. ಕಲಬುರಗಿ ಕಡೆಯೋರಿಗೆ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದೇ ಇರ್ಲಿಲ್ಲ, ನಿಜಾಮರ ಆಡಳಿತ, ನಿಜಾಮರ ಪರ ನಿಂತಿದ್ದ ರಜಾಕಾರರ ಪಡೆಯ ಹಾವಳಿ, ಊರು ಬಿಟ್ಟು ಗಡಿಯಾಚೆ ಶಿಬಿರಗಳಲ್ಲಿ ಇದ್ದೋರು ಸಾವಿರಾರು ಜನ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾಯ್ತು. ಅಂದ್ರೆ ಅವರು ಭಾರತ ಸೇರಿ ವರ್ಷ ಒಂದೂವರೆ ಆಗೋಷ್ಟರಲ್ಲಿ ಗಣರಾಜ್ಯ ಬಂತು. ಅಲ್ಲೀತನಕ ಫರ್ಮಾನಿನ ಕೆಳಗಿದ್ದ ಜನಕ್ಕೆ ಒಂದೇ ಸಲಕ್ಕೆ ಮೂಲಭೂತ ಹಕ್ಕು, ಕೋರ್ಟು, ವೋಟು. ಇದನ್ನ ನಾವು ಈ ಕಡೆಯೋರು ಸರಿಯಾಗಿ ಕಲ್ಪಿಸಿಕೊಂಡಿಲ್ಲ ಅಂತ ನಂಗೆ ಯಾವಾಗ್ಲೂ ಅನ್ಸತ್ತೆ. ಆ ಭಾಗ ಹಿಂದೆ ಬಿತ್ತು ಅಂತ ಒಪ್ಪಿಕೊಂಡು ಸಂವಿಧಾನದೊಳಗೇ ಒಂದು ವಿಧಿ ಬರೋಕೆ 2012-13 ಆಗ್ಬೇಕಾಯ್ತು, 98ನೇ ತಿದ್ದುಪಡಿ, 371ಜೆ. ಇವತ್ತು ಬೀದರ್, ಯಾದಗಿರಿ, ಕೊಪ್ಪಳದ ಹುಡುಗ್ರಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟಲ್ಲಿ, ಸರ್ಕಾರಿ ಕೆಲಸದಲ್ಲಿ ಸ್ಥಳೀಯ ಮೀಸಲಾತಿ ಇದ್ರೆ ಅದರ ಬೇರು ಇಲ್ಲಿದೆ.

ಮೈಸೂರಿನ ಕಥೆ ಬೇರೆ. ಮೈಸೂರಿಗೆ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆಗಿ ಹಿಂದುಳಿದೋರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡೋ ಮಾತು ಶುರುವಾಗಿತ್ತು, ಹೆಮ್ಮೆ ಪಡೋ ವಿಷಯನೇ. ಆದ್ರೆ ಆ ಸಭೆಗೆ ವೋಟು ಹಾಕೋ ಹಕ್ಕು ಆಸ್ತಿ ಇದ್ದೋರಿಗೆ, ಕಂದಾಯ ಕಟ್ಟೋರಿಗೆ, ಓದಿದೋರಿಗೆ. ಸ್ವಾತಂತ್ರ್ಯ ಬಂದ್ಮೇಲೂ ಜವಾಬ್ದಾರಿ ಸರ್ಕಾರ ಕೊಡೋಕೆ ಅರಮನೆ ಹಿಂದೆಮುಂದೆ ನೋಡಿದಾಗ ಜನ 'ಮೈಸೂರು ಚಲೋ' ಅಂತ ಬೀದಿಗಿಳಿದ್ರು, ಜೈಲು ತುಂಬಿದ್ರು, 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಹಾಗಾಗಿ ಮಹಾರಾಜರು ಒಳ್ಳೆಯವರು, ಎಲ್ಲಾ ತಾವೇ ಕೊಟ್ಬಿಟ್ರು ಅನ್ನೋ ಮಾತು ಅರ್ಧ ಸತ್ಯ. ಕೇಳಿದ್ದು ಜನ. ಆಮೇಲೆ 1949ರ ನವೆಂಬರ್ 25ಕ್ಕೆ, ಸಂವಿಧಾನ ಸಭೆ ಒಪ್ಪಿಗೆ ಕೊಡೋ ಹಿಂದಿನ ದಿನ, ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಅಂತ ಘೋಷಣೆ ಹೊರಡಿಸಿದ್ರು. ಒಂದು ರಾಜಮನೆತನ ತನ್ನ ಮೇಲೆ ಇನ್ನೊಂದು ಕಾನೂನು ಇದೆ ಅಂತ ಬರೆದು ಸಹಿ ಹಾಕೋದು ಸಣ್ಣ ಮಾತಲ್ಲ, ಅದಕ್ಕೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ.

ಸಂವಿಧಾನ ಸಭೆಯಲ್ಲಿ ನಮ್ಮೋರು ಯಾರ್ಯಾರಿದ್ರು ಅಂತ ಮಕ್ಕಳನ್ನ ಕೇಳಿದ್ರೆ ಗೊತ್ತಿರಲ್ಲ, ದೊಡ್ಡೋರನ್ನ ಕೇಳಿದ್ರೂ ಗೊತ್ತಿರಲ್ಲ. ಮೈಸೂರಿಂದ ಕೆ.ಸಿ. ರೆಡ್ಡಿ, ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ, ಸಿದ್ದವೀರಪ್ಪ, ಟಿ. ಚನ್ನಯ್ಯ ಮೊದಲಾದೋರು, ಬಾಂಬೆ ಕಡೆಯಿಂದ ಆರ್.ಆರ್. ದಿವಾಕರ್, ನಿಜಲಿಂಗಪ್ಪ, ಕೊಡಗಿಂದ ಸಿ.ಎಂ. ಪೂಣಚ್ಚ. ಇವರಲ್ಲಿ ಹನುಮಂತಯ್ಯನೋರ ಒಂದು ಭಾಷಣ ಇದೆ, 1949ರ ನವೆಂಬರ್ 17ರದ್ದು, ಕರಡು ಮೂರನೇ ಸಲ ಓದಿಗೆ ಬಂದಾಗ. ಸಂವಿಧಾನ ಮುಗೀತಾ ಬಂದಿದೆ, ಎಲ್ಲರೂ ಹೊಗಳ್ತಿದಾರೆ, ಈ ಮನುಷ್ಯ ಎದ್ದು ನಿಂತು ಹೇಳ್ತಾರೆ, ನಮಗೆ ವೀಣೆಯೋ ಸಿತಾರೋ ಕೇಳ್ಬೇಕಿತ್ತು, ಇಲ್ಲಿ ಇಂಗ್ಲಿಷ್ ಬ್ಯಾಂಡ್ ಕೇಳಿಸ್ತಿದೆ ಅಂತ. ಕರಡು ಮಾಡಿದೋರ ಓದು ಅಂಥದ್ದು, ಅದಕ್ಕೇ ಹೀಗಾಯ್ತು ಅಂತಾನೂ ಅಂತಾರೆ. ಆ ಮಾತು ಪೂರ್ತಿ ಸರಿ ಅಂತ ನಾನು ಒಪ್ಪಲ್ಲ, ಅಸ್ಪೃಶ್ಯತೆ ಅಪರಾಧ ಅನ್ನೋ 17ನೇ ವಿಧಿ ಯಾವ ಇಂಗ್ಲಿಷ್ ಬ್ಯಾಂಡಿನಲ್ಲೂ ಇರ್ಲಿಲ್ಲ, ಅದು ಈ ನೆಲದ ನೋವಿಂದಲೇ ಬಂದಿದ್ದು. ಆದ್ರೆ ಆ ಮಾತನ್ನ ಆ ಸಭೆಯಲ್ಲಿ ನಿಂತು ಆಡೋಕೆ ಅವಕಾಶ ಇತ್ತು, ಆಡಿದೋರನ್ನ ಯಾರೂ ದೇಶದ್ರೋಹಿ ಅನ್ಲಿಲ್ಲ, ಅದು ಅಕ್ಷರ ಅಕ್ಷರವಾಗಿ ರೆಕಾರ್ಡ್ ಆಗಿ ಇವತ್ತಿಗೂ ಇದೆ. ಅದೇ ಹನುಮಂತಯ್ಯನೋರು ಆಮೇಲೆ ಅದೇ ಸಂವಿಧಾನದ ಕೆಳಗೆ ಮುಖ್ಯಮಂತ್ರಿ ಆದ್ರು, ವಿಧಾನಸೌಧ ಕಟ್ಟಿಸಿದ್ರು. ಒಪ್ಪಿಗೆ ಇಲ್ಲದ್ದನ್ನ ಹೇಳಿ, ಹೇಳಿದ್ಮೇಲೆ ಬಹುಮತದ ತೀರ್ಮಾನಕ್ಕೆ ಬದ್ಧರಾಗಿ ದುಡಿದ್ರು. ನಂಗೆ ಗಣರಾಜ್ಯ ಅಂದ್ರೆ ಮೊದಲು ನೆನಪಾಗೋದು ಇದು.

ಇನ್ನೊಂದು ಹೆಸರು ಹೇಳ್ಲೇಬೇಕು, ಬೆನಗಲ್ ನರಸಿಂಗ ರಾವ್, ಮಂಗಳೂರಿನೋರು. ಸಭೆಯ ಸದಸ್ಯರಲ್ಲ, ಸಂವಿಧಾನ ಸಲಹೆಗಾರರು, ವೋಟಿನ ಹಕ್ಕಿಲ್ಲ. 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡು ಮಾಡಿಕೊಟ್ಟಿದ್ದು ಅವರು, ಅಮೆರಿಕ, ಕೆನಡಾ, ಐರ್ಲೆಂಡ್‌ಗೆ ಹೋಗಿ ಅಲ್ಲಿನ ಜಡ್ಜುಗಳ ಹತ್ರ ಚರ್ಚೆ ಮಾಡಿ ಬಂದಿದ್ದೂ ಅವರು. ಈಗೀಗ ಫೋನಿಗೆ ಬರೋ ಫಾರ್ವರ್ಡ್ ಮೆಸೇಜುಗಳಲ್ಲಿ ಬಿ.ಎನ್. ರಾವ್ ಹೆಸರನ್ನ ಅಂಬೇಡ್ಕರ್ ಹೆಸರಿಗೆ ಎದುರಾಗಿ ನಿಲ್ಲಿಸ್ತಿದಾರೆ, ನಿಜವಾಗಿ ಬರೆದೋರು ಇವರು, ಅವರಲ್ಲ ಅಂತ. ಇದು ಇಬ್ಬರಿಗೂ ಮಾಡೋ ಅವಮಾನ. ಅಂಬೇಡ್ಕರ್ ಅವರೇ 1949ರ ನವೆಂಬರ್ 25ರ ಭಾಷಣದಲ್ಲಿ ಈ ಕೀರ್ತಿಯಲ್ಲಿ ಒಂದು ಪಾಲು ಬಿ.ಎನ್. ರಾವ್ ಅವರದ್ದು, ಇನ್ನೊಂದು ಪಾಲು ಕರಡುಗಾರ ಎಸ್.ಎನ್. ಮುಖರ್ಜಿ ಅವರದ್ದು ಅಂತ ಹೆಸರು ಹಿಡಿದು ಹೇಳಿದಾರೆ. ಆದ್ರೆ ಕರಡು ಕಾಗದದ ಮೇಲಿದ್ರೆ ಸಂವಿಧಾನ ಆಗಲ್ಲ. ಅದಕ್ಕೆ 7,635 ತಿದ್ದುಪಡಿ ಸೂಚನೆ ಬಂದಿದ್ವು, ಅದರಲ್ಲಿ 2,473 ಸಭೆಯಲ್ಲಿ ಮಂಡನೆ ಆದ್ವು, ಒಂದೊಂದಕ್ಕೂ ಎದ್ದು ನಿಂತು ಯಾಕೆ ಬೇಕು ಯಾಕೆ ಬೇಡ ಅಂತ ಉತ್ತರ ಕೊಡ್ಬೇಕಿತ್ತು. ಕರಡು ಸಮಿತಿಯಲ್ಲಿ ಏಳು ಜನ ಇದ್ರು, ಒಬ್ಬರು ರಾಜೀನಾಮೆ ಕೊಟ್ರು, ಒಬ್ಬರು ತೀರಿಕೊಂಡ್ರು, ಒಬ್ಬರು ಅಮೆರಿಕದಲ್ಲಿದ್ರು, ಒಬ್ಬರು ರಾಜ್ಯದ ಕೆಲಸದಲ್ಲಿ ಮುಳುಗಿದ್ರು, ಹಾಗಾಗಿ ಭಾರ ಪೂರ್ತಿ ಅಂಬೇಡ್ಕರ್ ಹೆಗಲಿಗೆ ಬಿತ್ತು ಅಂತ ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಹೇಳಿದಾರೆ. ಅದೂ ಆರೋಗ್ಯ ಕೆಟ್ಟಿದ್ದಾಗ. ಮಂಗಳೂರಿನೋರಿಗೆ ಹೆಮ್ಮೆ ಪಡೋಕೆ ರಾವ್ ಅವರ ಕೆಲಸ ಧಾರಾಳ ಸಾಕು, ಅದಕ್ಕೆ ಅಂಬೇಡ್ಕರ್ ಹೆಸರು ಸಣ್ಣದು ಮಾಡೋ ಅಗತ್ಯ ಇಲ್ಲ.

ಆ ನವೆಂಬರ್ 25ರ ಭಾಷಣದಲ್ಲೇ ಇನ್ನೊಂದು ಮಾತಿದೆ. ಜನವರಿ 26ಕ್ಕೆ ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡ್ತಿದೀವಿ, ರಾಜಕೀಯದಲ್ಲಿ ಸಮಾನತೆ ಇರತ್ತೆ, ಸಮಾಜದಲ್ಲಿ, ಆರ್ಥಿಕ ಬದುಕಲ್ಲಿ ಅಸಮಾನತೆ ಇರತ್ತೆ ಅಂತ. ನೋಡಿ, ಹಬ್ಬ ಇನ್ನೂ ಬಂದಿಲ್ಲ, ಅದರ ಎರಡು ತಿಂಗಳು ಮುಂಚೆನೇ ಈ ಹಬ್ಬದ ಕೊರತೆ ಏನು ಅಂತ ಅದರ ಮುಖ್ಯ ಶಿಲ್ಪಿನೇ ಹೇಳಿದಾರೆ.

ರಾಜಕೀಯದಲ್ಲಿ ಸಮಾನತೆ ಅಂದ್ರಲ್ಲ, ಅದು ಹೇಗೆ ಬಂತು ಅನ್ನೋದನ್ನ ಸ್ವಲ್ಪ ಹತ್ತಿರದಿಂದ ನೋಡೋಣ, ನಂಗೆ ತುಂಬಾ ಹಿಡಿಸಿರೋ ಭಾಗ ಇದು. 326ನೇ ವಿಧಿ, ವಯಸ್ಕರಿಗೆಲ್ಲ ವೋಟು. ಅದಕ್ಕೆ ಲಿಸ್ಟ್ ಬೇಕಲ್ಲ? ಸಂವಿಧಾನ ಇನ್ನೂ ಚರ್ಚೆಯಲ್ಲಿದ್ದಾಗಲೇ, 1948ರಿಂದಲೇ, ಮತದಾರರ ಪಟ್ಟಿ ತಯಾರು ಮಾಡೋಕೆ ಶುರು ಮಾಡಿದ್ರು. ದೇಶ ಹೋಳಾಗಿ ಲಕ್ಷಾಂತರ ಜನ ಮನೆಮಠ ಕಳ್ಕೊಂಡು ರೈಲ್ವೆ ಸ್ಟೇಷನ್ನುಗಳಲ್ಲಿ, ಕ್ಯಾಂಪುಗಳಲ್ಲಿ ಇದ್ದಾರೆ, ಹೈದರಾಬಾದ್ ಇನ್ನೂ ಸೇರಿಲ್ಲ, ಆವಾಗ ಗುಮಾಸ್ತರು, ಶಾನುಭೋಗರಂಥೋರು ಮನೆ ಮನೆಗೆ ಹೋಗಿ ಹೆಸರು ಬರ್ಕೊಂಡ್ರು. 1951ರ ಜನಗಣತಿ ಪ್ರಕಾರ ಓದು ಬರಹ ಬರ್ತಿದ್ದಿದ್ದು ನೂರಕ್ಕೆ 18 ಜನಕ್ಕೆ, ಹೆಂಗಸರಲ್ಲಿ 9ನ್ನೂ ಮುಟ್ಟಿರ್ಲಿಲ್ಲ. ಪಟ್ಟಿಗೆ ಸೇರಿದೋರು 17 ಕೋಟಿಗೂ ಜಾಸ್ತಿ.

ಉತ್ತರದ ಕೆಲವು ರಾಜ್ಯಗಳಲ್ಲಿ ಮನೆಗೆ ಹೋದ್ರೆ ಹೆಂಗಸರು ತಮ್ಮ ಹೆಸರು ಹೇಳ್ತಿರ್ಲಿಲ್ಲ. ಇಂಥೋರ ಹೆಂಡ್ತಿ, ಇಂಥೋರ ತಾಯಿ, ಇಂಥೋರ ಮಗಳು, ಅಷ್ಟೇ. ಬರ್ಕೊಳೋರು ಹಾಗೇ ಬರ್ಕೊಂಡು ಬಂದ್ರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನ ಒಪ್ಲಿಲ್ಲ. ವೋಟರ್ ಅಂದ್ರೆ ಆಕೆಗೆ ಆಕೆಯದ್ದೇ ಹೆಸರಿರ್ಬೇಕು, ಸ್ವಂತ ಹೆಸರು ಕೊಡಿ ಅಂತ ಟೈಮ್ ಕೊಟ್ರು, ಆದ್ರೂ ಸುಮಾರು 28 ಲಕ್ಷ ಹೆಂಗಸರು ಹೆಸರು ಕೊಡ್ಲಿಲ್ಲ, ಕೊಡೋಕೆ ಮನೆಯೋರು ಬಿಡ್ಲಿಲ್ಲ, ಅವರನ್ನ ಪಟ್ಟಿಯಿಂದ ತೆಗೀಬೇಕಾಯ್ತು. ಎಂಥಾ ಕಷ್ಟದ ತೀರ್ಮಾನ ನೋಡಿ. ವೋಟು ತಪ್ಪಿಸಿದ್ರು ಅಂತ ಬೈಯೋರೂ ಇದ್ರು. ನಂಗನ್ಸೋದು ಸೇನ್ ಮಾಡಿದ್ದೇ ಸರಿ, ಯಾಕಂದ್ರೆ ಮುಂದಿನ ಚುನಾವಣೆ ಹೊತ್ತಿಗೆ ಬಹಳಷ್ಟು ಜನ ಹೆಸರು ಕೊಟ್ಟು ಒಳಗೆ ಬಂದ್ರು. ಗಂಡನ ಹೆಸರು ಬಾಯಲ್ಲಿ ಹೇಳ್ಬಾರದು ಅಂತ ನಮ್ಮಲ್ಲೂ ಇತ್ತಲ್ಲ, ಇಲ್ಲಿ ಕೂತಿರೋ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಅಂಥಾ ಕಾಲದಲ್ಲಿ ಸರ್ಕಾರದ ಕಾಗದದಲ್ಲಿ ಒಬ್ಬ ಹೆಂಗಸಿನ ಸ್ವಂತ ಹೆಸರು, ಅವಳ ಊರ ಸಾಹುಕಾರನ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ.

ವೋಟಿನ ವಿಷಯ ಬಂತು, ಬೆರಳಿಗೆ ಹಾಕೋ ಇಂಕ್ ವಿಷಯಾನೂ ಹೇಳ್ಬಿಡ್ತೀನಿ. ಅದು ನಮ್ಮ ಮೈಸೂರಿಂದು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗಿನ ಕಾರ್ಖಾನೆ ಅಂತ ಶುರುವಾದ ಮೈಸೂರು ಪೇಂಟ್ಸ್, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಆ ಶಾಯಿ ಕಳಿಸ್ತಿದೆ, ಹೊರದೇಶಗಳಿಗೂ ಹೋಗತ್ತೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಚರ್ಮಕ್ಕೆ ತಾಗಿ ಬಿಸಿಲು ಬಿದ್ರೆ ಕಪ್ಪಾಗಿ ಕೂತ್ಕೊಳತ್ತೆ, ಸೋಪು ಹಾಕಿ ಉಜ್ಜಿದ್ರೂ ಹೋಗಲ್ಲ, ಉಗುರು ಬೆಳೆದು ಹೋಗ್ಬೇಕು. ಹಾಗೇ ಬೆಳಗ್ಗೆ ನಾವು ಹಾರಿಸಿದ ಥರದ ಖಾದಿ ಬಾವುಟ, ಅದನ್ನ ಪ್ರಮಾಣಿತ ಅಳತೆಗೆ ಹೊಲಿಯೋ ಕೇಂದ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ, ಅಲ್ಲಿ ದುಡಿಯೋರಲ್ಲಿ ಹೆಚ್ಚಿನೋರು ಹೆಂಗಸರು.

ಇನ್ನು ಕನ್ನಡ ನಾಡು ಒಂದಾಗಿದ್ದು. ಅದು ಸಂವಿಧಾನದ ಹೊರಗೆ ಆಗಿದ್ದಲ್ಲ, 3ನೇ ವಿಧಿಯ ಮೂಲಕ ಆಗಿದ್ದು. ಹೊಸ ರಾಜ್ಯ ಮಾಡೋಕೆ, ಗಡಿ ಬದಲಾಯಿಸೋಕೆ ಪಾರ್ಲಿಮೆಂಟ್ ಸಾಮಾನ್ಯ ಬಹುಮತದಲ್ಲಿ ಕಾನೂನು ಮಾಡಬಹುದು ಅನ್ನುತ್ತೆ ಅದು. ಬರೆದೋರಿಗೆ ಗೊತ್ತಿತ್ತು, ಈ ನಕಾಶೆ ತಾತ್ಕಾಲಿಕ ಅಂತ. ಅದಕ್ಕೇ ಬಾಗಿಲು ತೆರೆದಿಟ್ಟಿದ್ರು. ಆ ಬಾಗಿಲು ತಟ್ಟಿದ್ದು ಜನ. ಅದರಗುಂಚಿ ಶಂಕರಗೌಡ ಪಾಟೀಲರು 1953ರಲ್ಲಿ ಉಪವಾಸ ಕೂತ್ರು, ಹುಬ್ಬಳ್ಳಿಯಲ್ಲಿ ಗಲಾಟೆ ಆಯ್ತು, ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ಆದಾಗ ಬಳ್ಳಾರಿ ಕಡೆಯ ಏಳು ತಾಲ್ಲೂಕು ಮೈಸೂರಿಗೆ ಬಂದ್ವು. ಹಳೇ ಮೈಸೂರಿನಲ್ಲಿ ಏಕೀಕರಣ ಬೇಡ ಅನ್ನೋರೂ ಬಹಳ ಜನ ಇದ್ರು, ತಮ್ಮ ಪಕ್ಷದೋರೇ ಎದುರಾದ್ರೂ ಹನುಮಂತಯ್ಯನೋರು ಏಕೀಕರಣದ ಪರ ನಿಂತ್ರು. ರಾಜ್ಯಗಳನ್ನ ಹೇಗೆ ವಿಂಗಡಿಸ್ಬೇಕು ಅಂತ ಹೇಳೋಕೆ ಕೂತ ಫಜಲ್ ಅಲಿ ಆಯೋಗ, 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ, 7ನೇ ತಿದ್ದುಪಡಿ, ಎ ಬಿ ಸಿ ದರ್ಜೆಗಳೇ ಹೋದ್ವು, ನವೆಂಬರ್ 1ಕ್ಕೆ ನಾವು ಒಂದಾದ್ವಿ, ರಾಜ್ಯೋತ್ಸವ ಬಂತು. ನವೆಂಬರ್ 1ನ್ನ ಜನವರಿ 26ರ ಮಗು ಅಂತ್ಲೇ ನಾನು ಕ್ಲಾಸಿನಲ್ಲಿ ಹೇಳ್ತಿರ್ತೀನಿ.

ಎಲ್ಲರೂ ಒಂದಾಗ್ಲಿಲ್ಲ. ಕಾಸರಗೋಡು ದಕ್ಷಿಣ ಕನ್ನಡದ ತಾಲ್ಲೂಕು, ಅದು ಕೇರಳಕ್ಕೆ ಹೋಯ್ತು. ಆ ಕಾಸರಗೋಡಿನ ಹತ್ರ ಎಡನೀರು ಅಂತ ಊರು, ಅಲ್ಲೊಂದು ಮಠ, ಯಕ್ಷಗಾನ, ಸಂಗೀತಕ್ಕೆ ಹೆಸರಾದ ಮಠ. ಆಗ ಅದರ ಸ್ವಾಮೀಜಿ ಆಗಿದ್ದೋರು ಕೇಶವಾನಂದ ಭಾರತಿಯವರು. ಕೇರಳ ಸರ್ಕಾರದ ಭೂಸುಧಾರಣೆ ಕಾಯ್ದೆಯಲ್ಲಿ ಮಠದ ಜಮೀನು ಹೋಗ್ತಿದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ್ರು, ಆಗ ಅವರಿಗಿನ್ನೂ ಮೂವತ್ತರ ಆಸುಪಾಸು ವಯಸ್ಸು. ಆ ಕೇಸು ಬೆಳೆದು ಬೆಳೆದು ಪಾರ್ಲಿಮೆಂಟ್ ಸಂವಿಧಾನವನ್ನ ಎಷ್ಟು ಬೇಕಾದ್ರೂ ತಿದ್ದಬಹುದಾ ಅನ್ನೋ ಪ್ರಶ್ನೆಗೆ ಬಂದು ನಿಂತ್ಕೊಳ್ತು. 13 ಜನ ಜಡ್ಜುಗಳು, 68 ದಿನ ವಾದ, 1973ರ ಏಪ್ರಿಲ್ 24ಕ್ಕೆ 7ಕ್ಕೆ 6ರ ಅಂತರದಲ್ಲಿ ತೀರ್ಪು: ತಿದ್ದಬಹುದು, ಆದ್ರೆ ಮೂಲ ಸ್ವರೂಪ ಮುಟ್ಟಂಗಿಲ್ಲ. ಒಂದು ವೋಟು ಆಚೀಚೆ ಆಗಿದ್ರೆ ಇವತ್ತು ಈ ಹಬ್ಬದ ಅರ್ಥವೇ ಬೇರೆ ಆಗ್ತಿತ್ತು. ಆ ಏಳು ಜನರಲ್ಲಿ ಒಬ್ಬರು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಬೆನ್ನಲ್ಲೇ ಅವರನ್ನೂ ಇನ್ನಿಬ್ಬರನ್ನೂ ಹಿಂದೆ ಹಾಕಿ, ಅವರಿಗಿಂತ ಕಿರಿಯರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ರು, ಮೂರೂ ಜನ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು. ಸ್ವಾಮೀಜಿಗೆ ಜಮೀನಿನ ವಿಷಯದಲ್ಲಿ ಅಂಥಾ ಲಾಭ ಏನೂ ಆಗ್ಲಿಲ್ಲ, ಭೂಸುಧಾರಣೆ ಉಳೀತು. ಉಳುವೋನಿಗೆ ಭೂಮಿ ಸಿಕ್ಕಿದ್ದು ಒಳ್ಳೇದೇ ಆಯ್ತು ಅಂತ ನಾನು ನಂಬಿದೀನಿ, ಸಂವಿಧಾನ ಉಳಿದಿದ್ದು ಅದಕ್ಕಿಂತ ಒಳ್ಳೇದಾಯ್ತು ಅಂತಾನೂ ನಂಬಿದೀನಿ.

ಅದನ್ನ ಮತ್ತೆ ಗಟ್ಟಿ ಮಾಡಿದ್ದು 1980ರ ಮಿನರ್ವ ಮಿಲ್ಸ್ ಕೇಸು, ಬೆಂಗಳೂರಿನ ಬಟ್ಟೆ ಗಿರಣಿ. ಅದಾದ್ಮೇಲೆ ಬೊಮ್ಮಾಯಿ ಕೇಸು, ಇದು ಇಲ್ಲಿರೋ ಬಹಳ ಜನ ಕಣ್ಣಾರೆ ಕಂಡಿದ್ದು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ತಗೊಂಡಿದಾರೆ ಅಂತ ಪತ್ರಗಳು ಬಂದ್ವು, ಅದರಲ್ಲಿ ಕೆಲವರು ನಾವು ವಾಪಸ್ ತಗೊಂಡಿಲ್ಲ ಅಂದ್ರು, ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ವಿಧಾನಸಭೆ ಕರೀರಿ, ಅಲ್ಲೇ ಬಹುಮತ ತೋರಿಸ್ತೀನಿ ಅಂದ್ರು, ರಾಜ್ಯಪಾಲರು ಕೇಳ್ಲಿಲ್ಲ, ಏಪ್ರಿಲ್ 21ಕ್ಕೆ 356ನೇ ವಿಧಿ ಹಾಕಿ ಸರ್ಕಾರ ವಜಾ. ಹೈಕೋರ್ಟಿನಲ್ಲಿ ಸೋತ್ರು. ಸುಪ್ರೀಂ ಕೋರ್ಟಿನ 9 ಜಡ್ಜುಗಳ ಪೀಠ 1994ರ ಮಾರ್ಚ್ 11ಕ್ಕೆ ಹೇಳ್ತು, ಬಹುಮತ ಇದೆಯೋ ಇಲ್ವೋ ಅಂತ ತೀರ್ಮಾನ ಆಗ್ಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗ್ಲಿಲ್ಲ. ಆದ್ರೆ ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದ್ರೂ ವಕೀಲರು ಮೊದಲು ಹೇಳೋ ಹೆಸರು ಬೊಮ್ಮಾಯಿ. ಪುಟ್ಟಸ್ವಾಮಿಯವರು ಇನ್ನೊಬ್ಬರು, ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜು, ಎಂಬತ್ತು ದಾಟಿದ ವಯಸ್ಸಲ್ಲಿ ಆಧಾರ್ ಪ್ರಶ್ನೆ ಮಾಡಿ ಕೋರ್ಟಿಗೆ ಹೋದ್ರು, 2017ರ ಆಗಸ್ಟ್ 24ಕ್ಕೆ ಖಾಸಗಿತನ ಮೂಲಭೂತ ಹಕ್ಕು ಅಂತ 9 ಜಡ್ಜುಗಳೂ ಒಮ್ಮತದಿಂದ ಹೇಳಿದ್ರು.

ಪಂಚಾಯ್ತಿ ಬಗ್ಗೆ ಒಂದು ಮಾತು. ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ಕ್ಕೆ, ಅದಕ್ಕೂ ಮುಂಚೆ ನಮ್ಮಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ನಜೀರ್ ಸಾಬ್ ಅವರು ತಂದ ಕಾಯ್ದೆಯಲ್ಲಿ 1987ರಲ್ಲೇ ಚುನಾವಣೆ ಆಗಿ ನಾಲ್ಕರಲ್ಲೊಂದು ಸೀಟು ಹೆಂಗಸರಿಗೆ ಮೀಸಲಾಗಿತ್ತು. ನೀರ್ ಸಾಬ್ ಅಂತ ಬೋರ್‌ವೆಲ್‌ಗೆ ಮಾತ್ರ ನೆನಪಿಟ್ಕೊಂಡಿದೀವಿ ನಾವು, ಇದಕ್ಕೂ ನೆನಪಿಟ್ಕೊಳ್ಬೇಕು.

ಇಷ್ಟು ಹೇಳಿ ಮುಗಿಸಿದೆ, ಆಮೇಲೆ ಪ್ರಶ್ನೆಗಳು ಬಂದ್ವು. ಪಿಯುಸಿ ಓದೋ ಒಬ್ಬ ಹುಡುಗಿ, ಸರ್, ಇಷ್ಟೆಲ್ಲ ಚರ್ಚೆ ಆಗಿದೆ ಅಂತೀರಲ್ಲ, ಅದನ್ನ ಎಲ್ಲಿ ಓದ್ಬೇಕು ಅಂತ ಕೇಳಿದ್ಲು. ಸಂವಿಧಾನ ಸಭೆಯ ಚರ್ಚೆಗಳು ಇಂಟರ್ನೆಟ್ಟಲ್ಲಿ ಫ್ರೀಯಾಗಿ ಸಿಗತ್ತೆ, ಸಂವಿಧಾನದ ಕನ್ನಡ ರೂಪವೂ ಇದೆ. ಮೊದಲ ಪುಟದಿಂದ ಶುರು ಮಾಡ್ಬೇಡ, ಸುಸ್ತಾಗತ್ತೆ, ನವೆಂಬರ್ 17ರ ಹನುಮಂತಯ್ಯನೋರ ಭಾಷಣ ಓದಿ ಆಮೇಲೆ ನವೆಂಬರ್ 25ರ ಅಂಬೇಡ್ಕರ್ ಭಾಷಣ ಓದು ಅಂದೆ. ಸಂವಿಧಾನ ಸಭೆಯಲ್ಲಿ 15 ಜನ ಹೆಂಗಸರಿದ್ರು, ದಾಕ್ಷಾಯಣಿ ವೇಲಾಯುಧನ್ ಅಂತ ಕೇರಳದ ದಲಿತ ಹೆಣ್ಣುಮಗಳು ಬರೀ 34ರ ವಯಸ್ಸಿಗೆ ಅಲ್ಲಿಗೆ ಹೋದೋರು, ಅವರು ಮಾತಾಡಿದ್ದನ್ನೂ ಹುಡುಕು ಅಂದೆ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ರೈತರು ಕೇಳಿದ್ದು ನೇರ ಪ್ರಶ್ನೆ. ನೀವ್ ಹೇಳಿದ್ದೆಲ್ಲ ಸ್ವಾಮೀಜಿ, ಮುಖ್ಯಮಂತ್ರಿ, ಜಡ್ಜು ಸಾರ್, ನಮ್ಮಂಥೋರು ಕೋರ್ಟಿಗೆ ಹೋಗೋಕಾಗತ್ತಾ? ಒಳ್ಳೇ ಪ್ರಶ್ನೆ, ಇದಕ್ಕೆ ಹಾರಿಕೆ ಉತ್ತರ ಕೊಡೋದು ತಪ್ಪಾಗತ್ತೆ. ಕಷ್ಟ ಇದೆ. ಖರ್ಚಿದೆ, ವರ್ಷಗಟ್ಟಲೆ ಎಳೆಯತ್ತೆ, ಅದೆಲ್ಲ ನಿಜ. ಆದ್ರೂ ದಾರಿ ಇದೆ. ಮೂಲಭೂತ ಹಕ್ಕಿಗೆ ಧಕ್ಕೆ ಆದ್ರೆ 32ನೇ ವಿಧಿ ಪ್ರಕಾರ ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದು, ಅಷ್ಟು ದೂರ ಬೇಡ ಅಂದ್ರೆ 226ರಲ್ಲಿ ಹೈಕೋರ್ಟಿದೆ, ಈಗ ಧಾರವಾಡದಲ್ಲೂ ಕಲಬುರಗಿಯಲ್ಲೂ ಪೀಠ ಇದೆ, ಆ ಕಡೆಯ ಜನ ಎಲ್ಲಾದಕ್ಕೂ ಬೆಂಗಳೂರಿಗೆ ಓಡಾಡೋದು ತಪ್ಪಿದೆ, ಅದಕ್ಕೂ ಅಲ್ಲಿನ ವಕೀಲರು, ಜನ ವರ್ಷಾನುಗಟ್ಟಲೆ ಹೋರಾಡಿದಾರೆ. ದುಡ್ಡಿಲ್ಲ ಅಂದ್ರೆ 39ಎ ವಿಧಿ ಇದೆ, ಅದರ ಆಧಾರದ ಮೇಲೆ 1987ರಲ್ಲಿ ಕಾನೂನು ಸೇವಾ ಕಾಯ್ದೆ ಬಂತು. ಹೆಂಗಸರಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿಯೋರಿಗೆ, ಅಂಗವಿಕಲರಿಗೆ, ಜೈಲಲ್ಲಿರೋರಿಗೆ ಆದಾಯ ಎಷ್ಟೇ ಇರ್ಲಿ ವಕೀಲರನ್ನ ಉಚಿತವಾಗಿ ಕೊಡ್ಬೇಕು, ಉಳಿದೋರಿಗೆ ಆದಾಯದ ಮಿತಿ ಇದೆ. ಅದಕ್ಕೆ ದೂರ ಹೋಗ್ಬೇಕಿಲ್ಲ, ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಅಂತ ಇರತ್ತೆ, ಒಂದು ಬಿಳಿ ಹಾಳೆಯಲ್ಲಿ ನಿಮ್ಮ ತೊಂದರೆ ಬರೆದು ಕೊಟ್ರೂ ತಗೋತಾರೆ. ಅವರಿಗೆ ಜಮೀನಿನ ದಾರಿ ವಿಷಯದಲ್ಲಿ ಏನೋ ತಕರಾರಿದ್ಯಂತೆ, ಸೋಮವಾರ ಕಾಗದ ಪತ್ರ ತಗೊಂಡು ಬರ್ತೀನಿ ಅಂದ್ರು, ಅರ್ಜಿ ಬರೆಯೋಕೆ ನಾನೂ ಜೊತೇಲಿ ಹೋಗ್ತಿದೀನಿ.